ಹಲ್ಲಕ್ಕ ಕೊಟ್ಟ ದೂರು

ಹಲ್ಲು ಗಟ್ಟಿಯಾಗಿರುವವರೆಗೆ ಯಾರಿಗೂ ಹಲ್ಲಕ್ಕನ ನೆನಪಾಗುವುದಿಲ್ಲ. ಉದುರಿದ ಮೇಲೂ ನೆನಪಾಗುವುದು ಡಾಕ್ಟರೇ ಹೊರತು ಇವಳಲ್ಲ. ಊರಿನ ಆರು ಮಂದಿ ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇವಳಿಗೆ ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸುತ್ತಾಳೆ. ದವಡೆಯ ಮೇಲೆ ಗುಲಾಬಿ ಬಣ್ಣದ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಕೂರಿಸುತ್ತಾಳೆ. ಆಮೇಲೆ ಮೇಣ ಕರಗಿಸಿ, ಆ ಜಾಗಕ್ಕೆ ಗಟ್ಟಿ ವಸಡು ತುಂಬಿ, ಉಜ್ಜಿ ಹೊಳಪು ಕೊಟ್ಟು, ಡಬ್ಬಿಗೆ ಹಾಕಿ ಡಾಕ್ಟರಿಗೆ ಮುಟ್ಟಿಸುತ್ತಾಳೆ. ರೋಗಿ ಕನ್ನಡಿ ನೋಡಿಕೊಂಡು ಡಾಕ್ಟರಿಗೆ ಕೈ ಮುಗಿಯುತ್ತಾನೆ. ಹಲ್ಲಕ್ಕ ಆ ಹೊತ್ತಿಗೆ ಇನ್ನೊಬ್ಬರ ದವಡೆ ಉಜ್ಜುತ್ತಿರುತ್ತಾಳೆ.

ಅದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡನೆಯ ಮಹಡಿ, ಬೀದಿಗೆ ತೆರೆದ ಒಂದೇ ಕಿಟಕಿ, ಕಿಟಕಿಗೆ ಆನಿಸಿದ ಉದ್ದನೆಯ ಮೇಜು. ಅಲ್ಲಿ ಕೂತು ಅವಳು ಬೀದಿಯಲ್ಲಿ ಹೋಗಿ ಬರುವವರನ್ನು ನೋಡುತ್ತಿದ್ದಳು. ಯಾರಾದರೂ ಜೋರಾಗಿ ನಕ್ಕರೆ ತಲೆ ಹೊರಗೆ ಹಾಕಿ, ಒಳಗಿದ್ದ ಗಂಡನಿಗೆ ಹೇಳುತ್ತಿದ್ದಳು: “ರೀ, ನಮ್ಮ ನೂರಾ ಹನ್ನೆರಡು ಹೋಗ್ತಿದೆ ನೋಡಿ. ಎಷ್ಟು ಚೆನ್ನಾಗಿ ಕೂತಿದೆ.” ನೂರಾ ಹನ್ನೆರಡು ಎಂದರೆ ಮನುಷ್ಯನಲ್ಲ, ಅವನ ಬಾಯಲ್ಲಿರುವ ಸೆಟ್ಟು.

ಗಂಡನೇ ಅವಳಿಗೆ ಗುರು. ಒಂದು ಕಾಲಕ್ಕೆ ಆ ಮೇಜು ಅವನದು. ಹನ್ನೊಂದು ವರ್ಷದ ಹಿಂದೆ ಅವನ ಎರಡೂ ಕೈಗೆ ನಡುಕ ಬಂತು. ಚಹದ ಲೋಟ ಹಿಡಿದರೆ ಅರ್ಧ ಚಹ ತಟ್ಟೆಗೆ. ಅವತ್ತಿನಿಂದ ಚಾಕು ಇವಳ ಕೈಗೆ ಬಂತು, ಬಾಯಿ ಮಾತ್ರ ಅವನ ಹತ್ತಿರವೇ ಉಳಿಯಿತು. ಅವಳು ಮುಗಿಸಿದ ಪ್ರತಿ ಸೆಟ್ಟನ್ನೂ ಅವನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ನೋಡಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದ: “ಒಂದು ಕೂದಲೆಳೆ ಹೆಚ್ಚಾಯ್ತು.” ಎಲ್ಲಿ ಎಂದು ತೋರಿಸುತ್ತಿದ್ದ. ಸಿಟ್ಟು ಬರುವ ಸಂಗತಿಯೆಂದರೆ, ಅಲ್ಲಿ ನಿಜವಾಗಿಯೂ ಹೆಚ್ಚಾಗಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ‘ಸರಿಯಿದೆ’ ಎಂಬ ಪದ ಆ ಮಹಾರಾಯನ ಬಾಯಿಂದ ಒಮ್ಮೆಯೂ ಬಿದ್ದಿರಲಿಲ್ಲ.

ಇಷ್ಟೆಲ್ಲ ಕೈಗುಣವಿದ್ದ ಹೆಂಗಸಿಗೆ ಒಂದು ಐಬಿತ್ತು. ಅವಳಿಗೆ ಮುಖ ಕಾಣುತ್ತಿರಲಿಲ್ಲ. ಕಣ್ಣು ಸೂಜಿಯಷ್ಟು ಚುರುಕು, ಆದರೆ ನೆಟ್ಟಗೆ ಹೋಗಿ ಬಾಯಿಯ ಮೇಲೆ ಕೂತುಬಿಡುತ್ತಿತ್ತು. ಮೂಗು, ಹುಬ್ಬು, ಗಡ್ಡ ಯಾವುದೂ ಅವಳ ಲೆಕ್ಕಕ್ಕಿಲ್ಲ. ಬಾಯಿ ಮುಚ್ಚಿಕೊಂಡು ಎದುರಿಗೆ ಬಂದರೆ ಒಡಹುಟ್ಟಿದ ಅಕ್ಕನನ್ನೂ ದಾಟಿಕೊಂಡು ಹೋಗಿ ಬೈಸಿಕೊಂಡವಳು. ಅದೇ ಅಕ್ಕನ ಮಗನಿಗೆ ಹೆಣ್ಣು ನೋಡಿಬಂದು, ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ, “ಕೆಳಗಿನ ಸಾಲು ಸ್ವಲ್ಪ ಇಕ್ಕಟ್ಟು, ಮೇಲಿನದು ಮುತ್ತು. ಕಣ್ಣು ಮುಚ್ಕೊಂಡು ಒಪ್ಕೊಳ್ಳಿ,” ಅಂದಿದ್ದಳು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ನಗುವಾಗ ಅವರವರ ಹಲ್ಲು ಅವಳು ಮತ್ತೊಮ್ಮೆ ನೋಡಿಕೊಂಡಿದ್ದಳು.

ಆ ಮಂಗಳವಾರ ಸಂಜೆ ಐದೂವರೆಗೆ ಅವಳು ಏಳು ಡಬ್ಬಿಗಳನ್ನು ಬಟ್ಟೆಯ ಚೀಲದಲ್ಲಿಟ್ಟು ಎದೆಗವಚಿಕೊಂಡು ಹೊರಟಳು. ಏಳು ಸೆಟ್ಟು, ಏಳು ಬಾಯಿ, ಆರು ವಾರದ ದುಡಿಮೆ. ಮುಖ್ಯ ರಸ್ತೆಯಲ್ಲಿ ಗುಂಡಿ ತೋಡಿದ್ದರಿಂದ ಗೋದಾಮಿನ ಹಿಂದಿನ ಗಲ್ಲಿ ಹಿಡಿದಳು. ಇನ್ನೂ ಬಿಸಿಲಿತ್ತು. ಹಿಂದಿನಿಂದ ಒಂದು ಸ್ಕೂಟರು ಬಂದು ನಿಂತಿತು. ಹಿಂದೆ ಕೂತಿದ್ದವನು ಇಳಿದು ಸಾವಧಾನವಾಗಿ ಹತ್ತಿರ ಬಂದ. ಕೈಯಲ್ಲಿ ಗೇಣುದ್ದದ ಚಾಕು.

“ಅಷ್ಟು ಭದ್ರವಾಗಿ ಹಿಡ್ಕೊಂಡಿದೀಯಲ್ಲ ಅಕ್ಕ, ಏನಿದೆ ಅದರಲ್ಲಿ?”

ಹಲ್ಲಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಹಲ್ಲು,” ಅಂದಳು.

ಅವನು ನಕ್ಕುಬಿಟ್ಟ. ಮನಸಾರೆ ನಕ್ಕ. ಅವನ ಕಸುಬಿನಲ್ಲಿ ಅಂಥ ಉತ್ತರ ಅದೇ ಮೊದಲು ಸಿಕ್ಕಿರಬೇಕು. ನಗುತ್ತಲೇ ಅವಳ ಭುಜಕ್ಕೆ ತಳ್ಳಿ, ಚೀಲ ಕಿತ್ತುಕೊಂಡು, ಸ್ಕೂಟರಿನ ಹಿಂದೆ ಕೂತು ಹೋದ. ಅಷ್ಟೂ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಗ ಹಲ್ಲಕ್ಕ ಒಂದು ತಪ್ಪು ಮಾಡಿದಳು. ಯಾರಾದರೂ ಕಳ್ಳ ಎಂದೋ ಚೀಲ ಎಂದೋ ಕೂಗುತ್ತಾರೆ. ಇವಳು “ಹಲ್ಲು ಹೋಯ್ತು, ನನ್ನ ಹಲ್ಲು ಹೋಯ್ತು” ಎಂದು ಕೂಗಿದಳು. ಗೋದಾಮಿನಿಂದ ನಾಲ್ಕು ಜನ ಓಡಿ ಬಂದರು. ಬಂದವರು ಸ್ಕೂಟರಿನ ಹಿಂದೆ ಓಡುವುದು ಬಿಟ್ಟು ಇವಳ ಬಾಯೊಳಗೆ ಇಣುಕಿದರು.

“ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಎಷ್ಟು ಹೋಯ್ತು?”

“ಏಳು ಜನರದ್ದು,” ಅಂದಳು ಹಲ್ಲಕ್ಕ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ತಲೆಗೆ ಪೆಟ್ಟು ಬಿದ್ದಿದೆ ಎಂದು ಒಬ್ಬ ನೀರು ತರಲು ಹೋದ. ಸ್ಕೂಟರು ಅಷ್ಟರಲ್ಲಿ ಊರಾಚೆಗೆ.

ಮನೆಗೆ ಬಂದು ಎಲ್ಲ ಹೇಳಿದಾಗ ಗಂಡ ಮೊದಲು ಅವಳ ಭುಜ ಮುಟ್ಟಿ ನೋಡಿದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಶುರುಮಾಡಿದ. ನಡುಗುವ ಕೈಗೆ ಅದು ಹತ್ತು ನಿಮಿಷದ ಕೆಲಸ.

“ಎಲ್ಲಿಗೆ?” ಅಂದಳು.

“ಸ್ಟೇಷನ್ನಿಗೆ. ನಡಿ.”

“ಏನಂತ ಬರೆಸಲಿ? ಹಲ್ಲು ಕಳುವಾಯ್ತು ಅಂತಲಾ? ಅವರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾರೆ.”

“ನಗಲಿ ಬಿಡು. ನಕ್ಕ ಮೇಲೆ ಬರ್ಕೋತಾರೆ.”

“ಅವನ ಮುಖ ಹೇಗಿತ್ತು ಅಂತಾರೆ. ಎತ್ತರ ಎಷ್ಟು, ಅಂಗಿ ಯಾವ ಬಣ್ಣ ಅಂತಾರೆ.” ಹಲ್ಲಕ್ಕನ ದನಿ ಸಣ್ಣದಾಯಿತು. “ನಂಗೇನೂ ಗೊತ್ತಿಲ್ಲ ರೀ. ಹಗಲು ಹೊತ್ತಲ್ಲಿ, ಮಾರು ದೂರದಲ್ಲಿ ನಿಂತಿದ್ದ. ಆದರೂ ಗೊತ್ತಿಲ್ಲ. ಇಂಥ ಕುರುಡಿ ಬಂದು ದೂರು ಕೊಟ್ಟಳು ಅನ್ನಿಸ್ಕೋಬೇಕಾ?”

ಗಂಡ ಮೂರನೆಯ ಗುಂಡಿಗೆ ನಿಲ್ಲಿಸಿದ. ಅವಳು ಹೇಳದೆ ಉಳಿಸಿಕೊಂಡ ಇನ್ನೊಂದು ಕಾರಣ ಅವನಿಗೂ ಗೊತ್ತಿತ್ತು. ಬಸ್ ನಿಲ್ದಾಣದ ಎದುರು ಹೊಸದಾಗಿ ಯಂತ್ರದಲ್ಲಿ ಹಲ್ಲು ಕಡೆಯುವ ದೊಡ್ಡ ಲ್ಯಾಬು ಬಂದಿತ್ತು. ಗಾಜಿನ ಬಾಗಿಲು, ಎ.ಸಿ., ವ್ಯಾನು. ರೋಗಿಗಳ ಹಲ್ಲನ್ನು ಬಟ್ಟೆಯ ಚೀಲದಲ್ಲಿ ಹೊತ್ತುಕೊಂಡು ಹೋಗಿ ಗಲ್ಲಿಯಲ್ಲಿ ಕಳೆದುಕೊಂಡು ಬಂದವಳು ಎಂಬ ಸುದ್ದಿ ಡಾಕ್ಟರುಗಳ ಕಿವಿಗೆ ಬಿದ್ದರೆ, ನಾಳೆಯಿಂದ ಅಚ್ಚುಗಳೆಲ್ಲ ಆ ವ್ಯಾನು ಹತ್ತುತ್ತವೆ. ಅನ್ನದ ಪ್ರಶ್ನೆ ಬಂದಾಗ ಎಂಥ ಶೂರರೂ ದೂರನ್ನು ನುಂಗಿಕೊಳ್ಳುತ್ತಾರೆ.

ಅವಳ ಬಳಿ ಒಂದು ಉಪಾಯವಿತ್ತು. ಪ್ರತಿ ಬಾಯಿಗೂ ಎರಡೆರಡು ಪ್ಲಾಸ್ಟರ್ ದವಡೆ ಮಾಡಿ, ಒಂದರ ಮೇಲೆ ಕೆಲಸ ಮಾಡಿ, ಇನ್ನೊಂದನ್ನು ನಂಬರು ಹಾಕಿ ಕಪಾಟಿನಲ್ಲಿಡುವುದು ಗಂಡ ಕಲಿಸಿದ ಪಾಠ. ಏಳೂ ದವಡೆಗಳು ಕಪಾಟಿನಲ್ಲಿ ಬಾಯಿ ತೆರೆದುಕೊಂಡು ಕೂತಿದ್ದವು. ಮರುದಿನ ಆರೂ ಡಾಕ್ಟರಿಗೆ ಫೋನು ಮಾಡಿ, “ಸಾಮಾನು ಚೆನ್ನಾಗಿರಲಿಲ್ಲ, ನಂಗೆ ತೃಪ್ತಿ ಆಗಲಿಲ್ಲ, ಮತ್ತೆ ಹೊಸದಾಗಿ ಮಾಡ್ತಿದೀನಿ,” ಅಂದಳು. ಹಲ್ಲು ಕಚ್ಚಿ ಕೂತು ಒಂಬತ್ತು ದಿನಕ್ಕೆ ಏಳು ಸೆಟ್ಟು ಎಬ್ಬಿಸಿದಳು. ಊರಿನಲ್ಲಿ ಇನ್ಯಾರೂ ಮಾಡಲಾಗದ ಕೆಲಸ ಅದು, ಯಂತ್ರವನ್ನು ಸೇರಿಸಿಯೇ ಹೇಳುತ್ತಿದ್ದೇನೆ.

ಡಾಕ್ಟರುಗಳು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವರು ಹೊಗಳಿದರು. ಅವಳ ಅರ್ಧ ಕೆಲಸ ಕಳಿಸುತ್ತಿದ್ದ ದೊಡ್ಡ ಡಾಕ್ಟರಂತೂ ತಮ್ಮ ಕ್ಲಿನಿಕ್ಕಿನ ನರ್ಸುಗಳನ್ನೆಲ್ಲ ಕರೆದು, “ನೋಡಿ, ಸಾಮಾನು ಸರಿಯಿಲ್ಲ ಅಂತ ಮುಗಿದ ಕೆಲಸ ಎಸೆದು ಮತ್ತೆ ಮಾಡಿದಾರೆ. ನಿಯತ್ತು ಅಂದರೆ ಇದು,” ಅಂದರು. ಹಲ್ಲಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು, ಅದಕ್ಕೇ ಮೊದಲ ಹೊಗಳಿಕೆಯೂ ಸಿಕ್ಕಿತ್ತು.

ಏಳನೆಯ ಸೆಟ್ಟು ಹೆಡ್‌ಮಿಸ್ಸಿನದು. ಹಲ್ಲಕ್ಕನಿಗೆ ನಾಲ್ಕನೆಯ ಕ್ಲಾಸಿನಲ್ಲಿ ಮಗ್ಗಿ ಕಲಿಸಿ, ಕಿವಿ ಹಿಂಡಿದ ಮಹಾತಾಯಿ. ಈಗ ಎಪ್ಪತ್ತೆಂಟು. ಒಂದು ಕಾಲಕ್ಕೆ ಆಕೆಯ ಕೆಮ್ಮಿಗೆ ಶಾಲೆಯೇ ಗಪ್‌ಚುಪ್ ಆಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿ ಕಾಯುವ ತಾಳ್ಮೆ ಆಕೆಗಿಲ್ಲ. ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡು ತಾನೇ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತಳು. ಹಲ್ಲಕ್ಕ ಸೆಟ್ಟು ಹಾಕಿ, ಕಚ್ಚಿಸಿ, ಎಲ್ಲಿ ಒತ್ತುತ್ತದೆ ನೋಡಿ, ಎರಡು ಕಡೆ ಉಜ್ಜಿ ಮತ್ತೆ ಹಾಕಿದಳು.

“ಈಗ ಮಾತಾಡಿ ಮಿಸ್.”

ಹೆಡ್‌ಮಿಸ್ಸು ಮಾತಾಡಿತು. ಮೊದಲು ಒಂದರಿಂದ ಇಪ್ಪತ್ತು ಹೇಳಿ ನೋಡಿತು. ಆಮೇಲೆ ತಿಂಗಳಿಂದ ಬಾಯಲ್ಲಿ ತಡೆದಿಟ್ಟುಕೊಂಡಿದ್ದನ್ನು ಹೇಳಿತು.

“ಹುಡುಗಿ, ಒಂದು ವಿಷಯ. ಯಾರಿಗೂ ಹೇಳಬೇಡ. ನಿನ್ನ ಅಂಗಡಿಗೆ ಬರೋವಾಗ ಗೋದಾಮಿನ ಗಲ್ಲೀಲಿ ಬರಬೇಡ, ಹೋಗಬೇಡ. ಅಲ್ಲಿ ನನ್ನ ಕೈಚೀಲ, ವಾಚು ಎರಡೂ ಕಿತ್ಕೊಂಡ್ರು.”

ಹಲ್ಲಕ್ಕ ಉಜ್ಜುವ ಕಾಗದ ಕೆಳಗಿಟ್ಟಳು. “ಯಾವಾಗ ಮಿಸ್?”

“ತಿಂಗಳ ಮೇಲಾಯ್ತು.”

“ದೂರು ಕೊಟ್ರಾ?”

“ಕೊಟ್ಟರೆ ನನ್ನ ಮಗನಿಗೆ ಗೊತ್ತಾಗುತ್ತೆ. ಗೊತ್ತಾದರೆ ನಾಳೆಯಿಂದ ಒಬ್ಬಳೇ ಹೊರಗೆ ಹೋಗಬೇಡ ಅಂತಾನೆ. ನಾನು ಮೂವತ್ತಾರು ವರ್ಷ ಸಾವಿರಾರು ಮಕ್ಕಳಿಗೆ ಹೊರಗೆ ಹೋಗೋಕೆ ಪರ್ಮಿಶನ್ ಕೊಟ್ಟವಳು. ಈಗ ನನ್ನ ಮಗನ ಹತ್ತಿರ ಕೈ ಎತ್ತಿ ಕೇಳಬೇಕಾ? ವಾಚು ಹೋದರೆ ಹೋಯ್ತು, ಕಾಲು ಉಳೀತು ಅಂದ್ಕೊಂಡೆ.” ಕರ್ಚೀಫು ಮಡಿಸುತ್ತ ಸೇರಿಸಿತು, “ಕಿತ್ಕೊಂಡಿದ್ದಕ್ಕಿಂತ ಅವನು ನಕ್ಕಿದ್ದು ನೋಡು, ಅದು ಇನ್ನೂ ಚುಚ್ಚುತ್ತೆ.”

ಹಲ್ಲಕ್ಕ ಎದ್ದು ಹೋಗಿ ಸ್ಪಿರಿಟ್ ದೀಪ ಹಚ್ಚಿದಳು. ಗುಲಾಬಿ ಮೇಣದ ಹಾಳೆಯೊಂದನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಮಡಿಸಿ, ಬೆರಳಲ್ಲಿ ಬಗ್ಗಿಸಿ ಮೇಲಿನ ವಸಡಿನ ಆಕಾರಕ್ಕೆ ತಂದಳು. ಬಿಳಿ ಮೇಣದ ತುಂಡು ತೆಗೆದುಕೊಂಡು ಚಾಕುವಿನಲ್ಲಿ ಕೆತ್ತತೊಡಗಿದಳು. ಎದುರಿನ ಎರಡು ಬಾಚಿಹಲ್ಲು. ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಎಡಗಡೆಯದು ಸ್ವಲ್ಪ ತಿರುಚಿ ಪಕ್ಕದ ಹಲ್ಲಿನ ಮೇಲೆ ಹೆಗಲು ಹಾಕಿದ ಹಾಗೆ. ಅದರ ಆಚೆ ಕೋರೆಹಲ್ಲು, ತುದಿ ಓರೆಯಾಗಿ ಮುರಿದದ್ದು. ಯೋಚಿಸುವ ಅಗತ್ಯವೇ ಬೀಳಲಿಲ್ಲ, ಒಂಬತ್ತು ದಿನದಿಂದ ಆ ಬಾಯಿ ಅವಳ ಕಣ್ಣ ಮುಂದಿನಿಂದ ಕದಲಿರಲಿಲ್ಲ. ಕಾಲುಗಂಟೆಯಲ್ಲಿ ಆರು ಹಲ್ಲು ಕೂತವು. ಅದನ್ನು ಹೆಡ್‌ಮಿಸ್ಸಿನ ಮುಂದಿಟ್ಟಳು.

ಮುದುಕಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿತು. “ಇವನೇ,” ಅಂದಿತು. “ಇದೇ ನಗು. ನಿಂಗೆ ಹೇಗೆ ಗೊತ್ತಾಯ್ತು?”

“ನನ್ನ ಚೀಲಾನೂ ಇವನೇ ಕಿತ್ಕೊಂಡಿದ್ದು. ನಿಮ್ಮ ಮೊದಲನೇ ಸೆಟ್ಟು ಅದರಲ್ಲೇ ಇತ್ತು.”

ಇಬ್ಬರೂ ಆ ಮೇಣದ ಹಲ್ಲನ್ನೇ ನೋಡುತ್ತ ಕೂತರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಗಲ್ಲಿಯಲ್ಲಿ ಎಲ್ಲರ ಬಂಗಾರವೂ ನೆಟ್ಟಗೆ ಕಳ್ಳನ ಜೇಬಿಗೆ ಹೋಗಿತ್ತು. ಹೆಡ್‌ಮಿಸ್ಸಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅದು ಆಕೆಯ ಜೀವನದಲ್ಲಿ ಅಪರೂಪದ ಘಟನೆ. “ನಾನು ಅವತ್ತೇ ಬಾಯಿಬಿಟ್ಟು ಹೇಳಿದ್ದರೆ ನೀನು ಆ ಗಲ್ಲೀಲಿ ಹೋಗ್ತಾನೇ ಇರಲಿಲ್ಲ ಅಲ್ವೇನೇ?” ಅಂದಿತು.

ಹಲ್ಲಕ್ಕ ಅದಕ್ಕೆ ಹೌದು ಅನ್ನಲಿಲ್ಲ. ಆದರೆ ತಾನೂ ಬಾಯಿ ಮುಚ್ಚಿಕೊಂಡ ಈ ಒಂಬತ್ತು ದಿನದಲ್ಲಿ ಆ ಗಲ್ಲಿಗೆ ಇನ್ನು ಯಾರು ಯಾರು ಕಾಲಿಟ್ಟಿರಬಹುದು ಎಂದು ಲೆಕ್ಕ ಹಾಕಿದಾಗ ಅವಳಿಗೆ ನಾಚಿಕೆಯಾಯಿತು. ಕುರುಡಿ, ಏನೂ ನೋಡಿಲ್ಲ ಅಂದುಕೊಂಡಿದ್ದಳಲ್ಲ. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನೋಡಿದವಳು ಅವಳೇ. ಮೂಲೆಯಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದಳು.

“ಗುಂಡಿ ಹಾಕ್ಕೊಳ್ಳಿ,” ಅಂದಳು.

ಆದರೆ ನೇರ ಠಾಣೆಗೆ ಹೋಗಲಿಲ್ಲ. ದೂರಿನಲ್ಲಿ ಕಳುವಾದದ್ದು ಏನು ಎಂದು ಬರೆಸಬೇಕು, ಬರೆಸಿದರೆ ಅದು ಡಾಕ್ಟರುಗಳಿಗೆ ತಿಳಿದೇ ತಿಳಿಯುತ್ತದೆ. ಬೇರೆಯವರ ಬಾಯಿಂದ ತಿಳಿಯುವ ಮೊದಲು ತನ್ನ ಬಾಯಿಂದ ತಿಳಿಯಲಿ ಎಂದು ಆರು ಕ್ಲಿನಿಕ್ಕಿನ ಮೆಟ್ಟಿಲೂ ಒಂದೇ ಬೆಳಗಿನಲ್ಲಿ ಹತ್ತಿ ಇಳಿದಳು. ಒಬ್ಬರು ನಕ್ಕರು. ಒಬ್ಬರು, ನಿಮಗೇನೂ ಆಗಲಿಲ್ಲವಲ್ಲ ಎಂದು ಕೇಳಿ ಕಾಫಿ ತರಿಸಿದರು. ಇನ್ನು ಮೂವರು ಹೋಗಲಿ ಬಿಡಿ ಅಂದರು. ಕೊನೆಯದು ದೊಡ್ಡ ಡಾಕ್ಟರದು.

“ಕಳ್ಳತನ ಆಗಿದ್ದಕ್ಕೆ ನಂಗೆ ಸಿಟ್ಟಿಲ್ಲ,” ಅಂದರು ಅವರು ಕೈಗವಸು ಬಿಚ್ಚುತ್ತ. “ನೀವು ನಂಗೆ ಸುಳ್ಳು ಹೇಳಿದ್ರಿ. ನಾನು ಎಲ್ಲರ ಮುಂದೆ ನಿಮ್ಮನ್ನ ಹೊಗಳಿದೆ. ಸದ್ಯಕ್ಕೆ ನನ್ನ ಕೆಲಸ ಬೇರೆ ಕಡೆ ಕೊಡ್ತೀನಿ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹಲ್ಲಕ್ಕ, “ಸರಿ ಸಾರ್,” ಎಂದಷ್ಟೇ ಹೇಳಿ ಹೊರಗೆ ಬಂದಳು. ಕೆಳಗೆ ಬಂದು ಗೋಡೆಗೆ ಒರಗಿ ನಿಂತಳು. ಅರ್ಧ ಅನ್ನ ಅಲ್ಲೇ ಮೇಲೆ ಬಿಟ್ಟು ಬಂದಿದ್ದಳು. ಅಲ್ಲಿಂದ ಮನೆಗೆ ಹೋಗಿ ಅಳಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹಲ್ಲಕ್ಕ ಸೆರಗು ಸರಿಮಾಡಿಕೊಂಡು ಠಾಣೆಯ ದಾರಿ ಹಿಡಿದಳು. ನನಗೆ ಆ ಹೆಂಗಸಿನ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲಿ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೊಲೀಸನನ್ನು ಎಲ್ಲರೂ ರೈಟರ್ ಎಂದೇ ಕರೆಯುವುದು. ಬಡಕಲು ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಅವನ ಮೇಜಿನ ಒಂದು ಬದಿಗೆ ಟೆಂಪೋ ಓಡಿಸುವವನೊಬ್ಬ ಕೂತು ಏನೋ ಅರ್ಜಿ ಬರೆಯುತ್ತಿದ್ದ. ಕಂಬದಂಥ ತೋಳಿನ ಆಳು, ಅವನು ಕೂತ ಕುರ್ಚಿಯೇ ಕಿರುಗುಟ್ಟುತ್ತಿತ್ತು. ಇನ್ನೊಂದು ಬದಿಗೆ ಹಲ್ಲಕ್ಕ, ಠಾಣೆಯ ಬಾಗಿಲಲ್ಲಿ ಅವಳಿಗಾಗಿ ಕಾದಿದ್ದ ಗಂಡ ಮತ್ತು ಹೆಡ್‌ಮಿಸ್ಸು ಕೂತರು.

“ಏನು ಹೋಯ್ತು?”

“ಹಲ್ಲು. ಏಳು ಸೆಟ್ಟು.”

ರೈಟರ್ ನಗಲಿಲ್ಲ. ಹಿಂದೆ ನಿಂತ ಇಬ್ಬರು ಕಾನ್‌ಸ್ಟೇಬಲ್‌ಗಳು ಆ ಕೊರತೆ ತುಂಬಿಕೊಟ್ಟರು. ಹೆಡ್‌ಮಿಸ್ಸು ಅವರ ಕಡೆ ತಿರುಗಿ ಒಮ್ಮೆ ಕೆಮ್ಮಿತು. ಇಬ್ಬರೂ ಸೆಟೆದು ನಿಂತರು.

“ಆಳು ಹೇಗಿದ್ದ? ಎತ್ತರ?”

“ಗೊತ್ತಿಲ್ಲ ಸಾರ್.”

“ಬಣ್ಣ? ಅಂಗಿ? ಮೀಸೆ ಇತ್ತಾ?”

“ಗೊತ್ತಿಲ್ಲ.”

ರೈಟರ್ ಪೆನ್ನು ಕೆಳಗಿಟ್ಟ. ಹಲ್ಲಕ್ಕ ಹತ್ತು ದಿನದಿಂದ ಹೆದರುತ್ತಿದ್ದದ್ದು ಆ ಪೆನ್ನು ಕೆಳಗಿಡುವ ಸದ್ದಿಗೇ. ಆದರೂ ಮಡಿಲಲ್ಲಿದ್ದ ಡಬ್ಬಿ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟಿದ್ದ ಮೇಣದ ಹಲ್ಲನ್ನು ಮೇಜಿನ ಮಧ್ಯೆ ಇಟ್ಟಳು.

“ನಂಗೆ ಮುಖ ನೆನಪಿರಲ್ಲ ಸಾರ್. ಬಾಯಿ ಮರೆಯಲ್ಲ. ಅವನು ನಕ್ಕಾಗ ಕಂಡಿದ್ದು ಇಷ್ಟು. ಇದರಲ್ಲಿ ಒಂದು ಕೂದಲೆಳೆ ಹೆಚ್ಚು ಕಮ್ಮಿ ಇರಬಹುದು, ಅದಕ್ಕಿಂತ ಜಾಸ್ತಿ ಇರಲ್ಲ.”

ಆ ಕೋಣೆಯಲ್ಲಿ ಮೊದಲು ಮಾತಾಡಿದವನು ರೈಟರ್ ಅಲ್ಲ. ಟೆಂಪೋದವನು. ಅವನು ಬರೆಯುವುದು ನಿಲ್ಲಿಸಿ ಆ ಮೇಣದ ತುಂಡನ್ನೇ ನೋಡುತ್ತಿದ್ದ. ಕುತ್ತಿಗೆ ಕೆಂಪಾಗಿತ್ತು.

“ಸಾರ್, ಈ ಅರ್ಜಿ ಬೇಡ, ಇನ್ನೊಂದು ಹಾಳೆ ಕೊಡಿ. ಬೇರೆ ಬರೀಬೇಕು.”

“ಯಾಕಪ್ಪ? ಲೈಸೆನ್ಸ್ ಕಳೆದುಹೋಗಿದೆ ಅಂತ ತಾನೆ?”

“ಕಳೆದಿದ್ದಲ್ಲ. ಕಿತ್ಕೊಂಡಿದ್ದು. ಪರ್ಸು, ಲೈಸೆನ್ಸು, ಫೋನು, ಎಲ್ಲಾ. ಇವನೇ.” ಅವನು ತನ್ನ ತೋಳುಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ. “ಕಡ್ಡಿ ಪೈಲ್ವಾನ್ ಇದ್ದ ಹಾಗಿದ್ದ ಸಾರ್. ನಾನು ಊದಿದ್ದರೆ ಹಾರಿ ಹೋಗ್ತಿದ್ದ. ಚಾಕು ನೋಡಿ ಕೈಕಾಲು ಆಡಲಿಲ್ಲ. ಸ್ಟ್ಯಾಂಡಿನಲ್ಲಿ ಯಾರಿಗೆ ಅಂತ ಹೇಳಲಿ? ಹೆಂಡತಿಗೂ ಕಳೆದುಹೋಯ್ತು ಅಂತಲೇ ಹೇಳಿದೀನಿ.”

ಯಾರೂ ನಗಲಿಲ್ಲ. ಕಾನ್‌ಸ್ಟೇಬಲ್‌ಗಳು ಕೂಡ. ಹೆಡ್‌ಮಿಸ್ಸು ಕೈ ಚಾಚಿ ಆ ದೊಡ್ಡ ತೋಳನ್ನು ತಟ್ಟಿತು. “ನಾನೂ ನನ್ನ ಮಗನಿಗೆ ಹಾಗೇ ಹೇಳಿದೀನಪ್ಪ. ನೀನೇನೂ ಒಬ್ಬನೇ ಅಲ್ಲ,” ಅಂದಿತು.

ರೈಟರ್ ಎದ್ದು ಕಪಾಟಿನಿಂದ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟ. ಫೋನು ಕಳೆದಿದೆ, ಲೈಸೆನ್ಸ್ ಕಳೆದಿದೆ, ಬ್ಯಾಂಕಿನ ಕಾರ್ಡು ಕಳೆದಿದೆ ಎಂದು ಜನ ಬರೆದುಕೊಟ್ಟ ಅರ್ಜಿಗಳು. ಅವನು ಬೆರಳಿಗೆ ಎಂಜಲು ಹಚ್ಚಿ ತಿರುವಿದ. “ಎರಡು ತಿಂಗಳಲ್ಲಿ ಗೋದಾಮಿನ ಹತ್ತಿರ ‘ಕಳೆದಿದ್ದು’ ಹತ್ತೊಂಬತ್ತು,” ಅಂದ. “ಈ ಊರಿನ ಜನರ ಜೇಬು ಒಂದೇ ಗಲ್ಲೀಲಿ ಯಾಕೆ ತೂತಾಗುತ್ತೆ ಅಂತ ನಾನೂ ಯೋಚನೆ ಮಾಡ್ತಿದ್ದೆ. ಕೇಳಿದರೆ ಒಬ್ಬರೂ ಬಾಯಿ ಬಿಡಲ್ಲ.” ಪೆನ್ನನ್ನು ಮತ್ತೆ ಕೈಗೆ ತೆಗೆದುಕೊಂಡು ಹಲ್ಲಕ್ಕನ ಕಡೆ ನೋಡಿದ. “ಹೇಳಿ ಅಮ್ಮ. ಮೊದಲಿನಿಂದ ಹೇಳಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.”

ಮೇಣದ ಹಲ್ಲಿನ ಫೋಟೋ ಮರುದಿನ ಬಸ್ ನಿಲ್ದಾಣ, ಚಹದ ಅಂಗಡಿ, ಕಟಿಂಗ್ ಶಾಪು ಎಲ್ಲ ಕಡೆ ಅಂಟಿತು. ಕೆಳಗೆ, ‘ಈ ಹಲ್ಲಿನವರನ್ನು ಕಂಡಲ್ಲಿ ಠಾಣೆಗೆ ತಿಳಿಸಿ.’ ಊರು ನಕ್ಕಿತು, ಆದರೆ ಬಾಯಿ ಮುಚ್ಚಿಕೊಂಡು ನಕ್ಕಿತು. ಬಾಚಿಹಲ್ಲಿನಲ್ಲಿ ಸಂದಿದ್ದವರೆಲ್ಲ ಆ ವಾರ ಮಹಾ ಗಂಭೀರಸ್ಥರಾದರು. ಒಬ್ಬ ಪೋಸ್ಟ್‌ಮ್ಯಾನ್ ತಾನಾಗಿಯೇ ಠಾಣೆಗೆ ಹೋಗಿ, ಹಲ್ಲು ತೋರಿಸಿ, ನಾನಲ್ಲ ಎಂದು ಬರೆಸಿಕೊಂಡು ಬಂದ. ಅದರ ನಡುವೆ, ಹತ್ತೊಂಬತ್ತರಲ್ಲಿ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಠಾಣೆಗೆ ಬಂದು, ತಮ್ಮ ‘ಕಳೆದದ್ದ’ನ್ನು ‘ಕಿತ್ತುಕೊಂಡದ್ದು’ ಎಂದು ತಿದ್ದಿಸಿದರು. ಒಬ್ಬಾಕೆ ತಾನು ಆ ಹೊತ್ತಿಗೆ ಅಲ್ಲಿ ಯಾಕೆ ಹೋದೆ ಎಂದು ಕೇಳುತ್ತಾರೆಂದು ಹೆದರಿದ್ದಳಂತೆ. ಒಬ್ಬನಿಗೆ ರಜೆ ಹಾಕಿ ಠಾಣೆಗೆ ಅಲೆಯಲು ಆಗುತ್ತಿರಲಿಲ್ಲವಂತೆ. ಹೆಚ್ಚಿನವರು ಹೇಳಿದ್ದು ಒಂದೇ, ಹೇಳಿ ಏನು ಪ್ರಯೋಜನ ಅಂದುಕೊಂಡೆವು ಎಂದು.

ಫೋಟೋ ಅಂಟಿಸಿದ ಹನ್ನೆರಡನೆಯ ದಿನ ಮಧ್ಯಾಹ್ನ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಹಲ್ಲಕ್ಕ ತಲೆ ಎತ್ತಿದಳು. ಬಾಗಿಲಲ್ಲಿ ನಿಂತ ಮನುಷ್ಯ ಯಾರೆಂದು ತಿಳಿಯಲಿಲ್ಲ, ಅವನು ಬಾಯಿ ತೆರೆಯುವವರೆಗೆ.

“ಒಳಗೆ ಬರಬಹುದಾ ಅಮ್ಮ?”

ದೊಡ್ಡ ಡಾಕ್ಟರು. ಆ ಮಹಡಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಚ್ಚು. ಗಂಡ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ, ಡಾಕ್ಟರು ಕೂರಲಿಲ್ಲ.

“ಬೆಳಿಗ್ಗೆ ಒಬ್ಬ ಬಂದಿದ್ದ. ನೋವಿಲ್ಲ, ಊತ ಇಲ್ಲ. ಮುಂದಿನ ಹಲ್ಲೆಲ್ಲ ನಾಳೆಯೊಳಗೆ ನೇರ ಕಾಣೋ ಹಾಗೆ ಮಾಡಿಕೊಡಿ ಅಂತಾನೆ. ಕೋರೆಹಲ್ಲಿನ ತುದಿ ಆಗಲೇ ಅರದಲ್ಲಿ ಉಜ್ಜಿಕೊಂಡು ಬಂದಿದಾನೆ. ನಂಗೆ ಅನುಮಾನ ಬಂತು. ಬರೀ ಅನುಮಾನದ ಮೇಲೆ ಒಬ್ಬನ್ನ ಕಳ್ಳ ಅನ್ನೋಕಾಗಲ್ಲ. ಅಚ್ಚು ತೊಗೊಂಡು, ಸಂಜೆ ಬಾ ಅಂತ ಕಳಿಸಿದೀನಿ. ಲ್ಯಾಬಿನವರಿಗೆ ಇದು ಬರೀ ಅಚ್ಚು. ನೀವು ನೋಡಿ ಹೇಳಿ.”

ಹಲ್ಲಕ್ಕ ಪ್ಲಾಸ್ಟರ್ ಕಲಸಿದಳು. ಗಾಳಿಗುಳ್ಳೆ ನಿಲ್ಲದ ಹಾಗೆ ಅಚ್ಚನ್ನು ಮೇಜಿಗೆ ಮೆಲ್ಲಗೆ ಕುಟ್ಟುತ್ತ ಸುರಿದಳು. ಪ್ಲಾಸ್ಟರ್ ಗಟ್ಟಿಯಾಗಲು ಅರ್ಧ ಗಂಟೆ ಬೇಕು, ಅದಕ್ಕೆ ಯಾರ ಅವಸರವೂ ಲೆಕ್ಕಕ್ಕಿಲ್ಲ. ಮೂವರೂ ಕಾದರು. ಡಾಕ್ಟರು ಗೋಡೆಯುದ್ದಕ್ಕೂ ನಿಂತ ಕಪಾಟು ನೋಡಿದರು, ನಂಬರು ಹಾಕಿದ ಸಾವಿರಾರು ದವಡೆಗಳು. ಅದರಲ್ಲಿ ಅರ್ಧದ ಮೇಲೆ ತಮ್ಮ ರೋಗಿಗಳದ್ದೆಂದು ಅವರಿಗೆ ಅರ್ಥವಾಗಿರಬೇಕು, ಕೈ ಹಿಂದೆ ಕಟ್ಟಿಕೊಂಡು ನಿಧಾನ ಓದುತ್ತ ಹೋದರು.

ಅವಳು ಅಚ್ಚು ಬಿಚ್ಚಿದಳು. ಬಿಳಿ ದವಡೆ ಹೊರಗೆ ಬಂತು. ಬಾಚಿಹಲ್ಲಿನ ನಡುವೆ ಅಕ್ಕಿಕಾಳಿನ ಸಂದು. ಎಡಗಡೆಯದು ಪಕ್ಕದ್ದರ ಮೇಲೆ ಹೆಗಲು ಹಾಕಿ ನಿಂತಿತ್ತು. ಅವನು ಮತ್ತೆ ಮುಂದೆ ನಿಂತು ನಕ್ಕ ಹಾಗಾಯಿತು. ಅವಳು ಮೇಣದ್ದನ್ನೂ ಎರಡು ಮಾಡಿ, ಒಂದನ್ನು ಠಾಣೆಗೆ ಕೊಟ್ಟು ಇನ್ನೊಂದನ್ನು ಇಟ್ಟುಕೊಂಡಿದ್ದಳು, ಅಭ್ಯಾಸಬಲ. ಕಪಾಟಿನಿಂದ ಅದನ್ನು ತೆಗೆದು ಪ್ಲಾಸ್ಟರಿನ ಪಕ್ಕದಲ್ಲಿಟ್ಟಳು. ಎರಡನ್ನೂ ಗಂಡನ ಮಡಿಲಿಗೆ ಹಾಕಿದಳು.

ಅವನು ನಡುಗುವ ಕೈಯಲ್ಲಿ ಒಂದೊಂದಾಗಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಬೆರಳ ತುದಿಯಿಂದ ಹಲ್ಲು ಹಲ್ಲು ಸವರಿದ. ಉಜ್ಜಿ ಹೋದ ಕೋರೆಹಲ್ಲನ್ನು ಬಿಟ್ಟು ಉಳಿದ ಐದನ್ನೂ ಎರಡೆರಡು ಸಲ ನೋಡಿದ. ಕೊನೆಗೆ ಬಾಯಿ ಬಿಟ್ಟ.

“ಒಂದು ಕೂದಲೆಳೆ ಹೆಚ್ಚಾಯ್ತು.”

ಹಲ್ಲಕ್ಕನ ಮುಖ ಬಾಡಿತು. ಇಷ್ಟಾದರೂ, ಇಂಥ ಹೊತ್ತಲ್ಲೂ.

“ಎಲ್ಲಿ?” ಅಂದಳು.

“ಇಲ್ಲಿ, ಎಡಗಡೆ.” ಅವನು ಪ್ಲಾಸ್ಟರಿನ ದವಡೆಯನ್ನು ಡಾಕ್ಟರ ಕಡೆ ಚಾಚಿದ. “ಅಚ್ಚು ತೆಗೆಯೋವಾಗ ನಿಮ್ಮ ಕೈ ಸ್ವಲ್ಪ ಜಾರಿದೆ ಡಾಕ್ಟ್ರೇ. ಇವಳ ಮೇಣ ಸರಿಯಿದೆ.”

ಡಾಕ್ಟರು ದವಡೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಮೇಣದ್ದನ್ನೂ ತೆಗೆದುಕೊಂಡು ನೋಡಿದರು. ಬಹಳ ಹೊತ್ತು ನೋಡಿ, “ಹೌದು, ಜಾರಿದೆ,” ಅಂದರು. ಎರಡನ್ನೂ ಹತ್ತಿಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. “ಸುಳ್ಳು ಹೇಳಿದ್ದು ನಾನು ಮರೆತಿಲ್ಲ ಅಮ್ಮ. ಮೆಟ್ಟಿಲು ಹತ್ತಿ ಬಂದು ನಿಜ ಹೇಳಿದ್ದೂ ಮರೆಯಲ್ಲ. ನಾಳೆಯಿಂದ ಅಚ್ಚು ಇಲ್ಲಿಗೇ ಬರುತ್ತೆ.”

ಹಲ್ಲಕ್ಕ ಅದನ್ನು ಅರ್ಧ ಕೇಳಿಸಿಕೊಂಡಳೋ ಇಲ್ಲವೋ. ಅವಳ ಕಿವಿಯಲ್ಲಿ ಇನ್ನೂ ಹಿಂದಿನ ಮಾತೇ ಇತ್ತು. ಸರಿಯಿದೆ. ಹನ್ನೊಂದು ವರ್ಷಕ್ಕೆ ಒಂದು ಸಲ. ಕಣ್ಣು ತುಂಬಿ ಬಂದದ್ದನ್ನು ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಒರೆಸಿಕೊಂಡಳು, ಕೆನ್ನೆಯೆಲ್ಲ ಬಿಳಿಯಾಯಿತು. ಹಾಗೇ ಚಪ್ಪಲಿ ಮೆಟ್ಟಿಕೊಂಡು, ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಠಾಣೆಗೆ ಹತ್ತಿರದ ದಾರಿ ಗೋದಾಮಿನ ಗಲ್ಲಿಯದೇ. ಏನಂತ ಬರೆಸಲಿ ಎಂದು ಈ ಸಲ ಅವಳು ಯಾರನ್ನೂ ಕೇಳಲಿಲ್ಲ.